ಗಣಕಯಂತ್ರದ ಜ್ವರ ನೋಡುವ ಬಗೆ

ಮಗುವಿನ ಮೈ ಬಿಸಿಯಾದರೆ ತಾಯಿ ಹಣೆ ಮುಟ್ಟಿ ನೋಡುತ್ತಾಳೆ. ವೈದ್ಯರು ಥರ್ಮಾಮೀಟರ್ ಇಟ್ಟು ನೋಡುತ್ತಾರೆ. ಗಣಕಯಂತ್ರದ ಮೈಯೂ ಬಿಸಿಯಾಗುತ್ತದೆ, ಅದರೊಳಗೂ ಒಂದು ಥರ್ಮಾಮೀಟರ್ ಇರುತ್ತದೆ. ಆದರೆ ಆ ಥರ್ಮಾಮೀಟರ್ ನಿಜ ಹೇಳುತ್ತಿದೆಯೇ ಎಂದು ತಿಳಿಯುವುದು ಹೇಗೆ? ವಿದ್ಯಾರ್ಥಿ ಮಿತ್ರರೇ, ಈ ಪ್ರಶ್ನೆಯನ್ನು ಈಗ ವಿಚಾರಿಸೋಣ.

ಯಂತ್ರವು ಬಿಸಿಯಾಗುವುದೇಕೆ?

ಗಣಕಯಂತ್ರದ ಪ್ರೊಸೆಸರ್ ಬಳಸುವ ವಿದ್ಯುತ್ತೆಲ್ಲ ಕಡೆಗೆ ಉಷ್ಣವಾಗಿಯೇ ಮಾರ್ಪಡುತ್ತದೆ. ಆ ಉಷ್ಣವನ್ನು ಲೋಹದ ರೆಕ್ಕೆಗಳು ಹೀರುತ್ತವೆ, ಚಿಕ್ಕದೊಂದು ಫ್ಯಾನು ಹೊರಗೆ ದೂಡುತ್ತದೆ. ಒಣದ್ರಾಕ್ಷಿಯ ಶೆಡ್ಡಿನಲ್ಲಿ ಗಾಳಿಯಾಡದಿದ್ದರೆ ಹಣ್ಣು ಕೆಡುವುದನ್ನು ನಮ್ಮ ಖಂಡೇರಾಜುರಿ, ಮಿರಜ ಭಾಗದ ರೈತರ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಇಲ್ಲಿಯೂ ಗಾಳಿಯೇ ಮುಖ್ಯ. ನಮ್ಮ ಬೇಸಿಗೆಯಲ್ಲಿ ಕೋಣೆಯೇ ಕಾದಿರುತ್ತದೆ. ಧೂಳು ರೆಕ್ಕೆಗಳ ಸಂದಿಯಲ್ಲಿ ತುಂಬುತ್ತದೆ. ಆದ್ದರಿಂದ ಯಂತ್ರದ ಉಷ್ಣತೆಯನ್ನು ತಿಳಿಯುವುದು ನಮಗೆ ಇನ್ನೂ ಅವಶ್ಯ.

ಡ್ರೈವರ್ ಎಂದರೇನು?

ಉಷ್ಣತೆಯನ್ನು ಅಳೆಯುವ ಚಿಪ್ಪಿಗೆ ಗೊತ್ತಿರುವುದು ಬರಿಯ ಅಂಕೆಗಳು. ಆ ಅಂಕೆಗಳನ್ನು ಡಿಗ್ರಿಗಳಾಗಿ, ಸುತ್ತುಗಳಾಗಿ ತಿಳಿಸುವ ದುಭಾಷಿಯೇ ಡ್ರೈವರ್. ಲಿನಕ್ಸ್ ಎಂಬುದು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ, ಯಾರು ಬೇಕಾದರೂ ಓದಿ ತಿದ್ದಬಹುದಾದ ವ್ಯವಸ್ಥೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕೇರಳದ ಶಾಲೆಗಳ ಪಠ್ಯಕ್ರಮದಂತೆ ಲಿನಕ್ಸ್ ಯಂತ್ರಗಳಲ್ಲಿಯೇ ಗಣಕವಿದ್ಯೆಯನ್ನು ಕಲಿಯುತ್ತಾರೆ. ಲಿನಕ್ಸ್‌ನಲ್ಲಿ ‘ಸೆನ್ಸರ್ಸ್’ ಎಂಬ ಆಜ್ಞೆ ಕೊಟ್ಟರೆ ಉಷ್ಣತೆ ಮತ್ತು ಫ್ಯಾನಿನ ವೇಗ ಪರದೆಯ ಮೇಲೆ ಮೂಡುತ್ತವೆ. ಡ್ರೈವರ್ ಉಷ್ಣತೆಯನ್ನು ಡಿಗ್ರಿಯ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಬರೆದಿಡುತ್ತದೆ. 42500 ಎಂದಿದ್ದರೆ 42.5 ಡಿಗ್ರಿ ಸೆಲ್ಸಿಯಸ್ ಎಂದು ತಿಳಿಯಬೇಕು.

ದುಭಾಷಿ ತಪ್ಪು ಹೇಳಿದರೆ ಅನರ್ಥವಾಗುತ್ತದೆ. ಈ ಅಂಕೆಯನ್ನು ನಂಬಿ ಫ್ಯಾನಿನ ವೇಗವನ್ನು ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆ ಇದ್ದಲ್ಲಿ, ಯಂತ್ರ ಕುದಿಯುತ್ತಿದ್ದರೂ ಫ್ಯಾನು ಮೆಲ್ಲಗೆ ತಿರುಗೀತು. ಈಗಿನ ಪ್ರೊಸೆಸರುಗಳು ಅತಿಯಾಗಿ ಕಾದರೆ ತಾವೇ ನಿಧಾನವಾಗುತ್ತವೆ, ಕೊನೆಗೆ ನಿಂತೇಬಿಡುತ್ತವೆ. ಆಗ ಉಳಿಸಿಡದ ಕೆಲಸವೆಲ್ಲ ಹೋಗುತ್ತದೆ.

ಪರೀಕ್ಷಿಸುವ ಕ್ರಮ

ಮೊದಲನೆಯದು, ತಣ್ಣಗಿರುವಾಗಿನ ಪರೀಕ್ಷೆ. ರಾತ್ರಿಯೆಲ್ಲ ಆರಿಸಿಟ್ಟ ಯಂತ್ರವನ್ನು ಬೆಳಿಗ್ಗೆ ಹಚ್ಚಿ, ಕೂಡಲೇ ಅಂಕೆಯನ್ನು ಓದಿರಿ. ಪಕ್ಕದಲ್ಲಿ ಗೋಡೆಯ ಥರ್ಮಾಮೀಟರ್ ಇರಲಿ. ಫ್ಯಾನು ಕೋಣೆಯ ಗಾಳಿಯನ್ನೇ ಬೀಸುವುದರಿಂದ, ಯಂತ್ರವು ಕೋಣೆಗಿಂತ ತಣ್ಣಗಾಗಲಾರದು. ಕೋಣೆಯಲ್ಲಿ 30 ಡಿಗ್ರಿ ಇರುವಾಗ ಪರದೆಯಲ್ಲಿ 18 ಎಂದು ಬಂದರೆ ಆ ಅಂಕೆಯನ್ನು ನಂಬಬಾರದು.

ಎರಡನೆಯದು, ದುಡಿಸುವ ಪರೀಕ್ಷೆ. ಯಂತ್ರಕ್ಕೆ ಹತ್ತು ನಿಮಿಷ ಭಾರವಾದ ಲೆಕ್ಕ ಕೊಟ್ಟು, ನಿಮಿಷಕ್ಕೊಮ್ಮೆ ಅಂಕೆಯನ್ನು ಬರೆದುಕೊಳ್ಳಿರಿ. ಪ್ರೊಸೆಸರಿನ ಉಷ್ಣತೆ ಏರಬೇಕು; ಕೆಲಸ ನಿಲ್ಲಿಸಿದ ಮೇಲೆ ಇಳಿಯಬೇಕು. ಕದಲದೆ ಒಂದೇ ಅಂಕೆ ನಿಂತಿದ್ದರೆ ಅದು ಪ್ರೊಸೆಸರಿನ ಉಷ್ಣತೆಯಲ್ಲ. ಮೈನಸ್ 128 ಅಥವಾ 127ರಂಥ ಅಂಕೆ ಕಂಡರೆ, ಆ ತಂತಿಗೆ ಸಂವೇದಕವನ್ನೇ ಜೋಡಿಸಿಲ್ಲ ಎಂದು ಅನುಮಾನಿಸಬೇಕು. ಎಂಟು ಬಿಟ್ಟುಗಳಲ್ಲಿ ಹಿಡಿಸುವ ಅತಿ ಚಿಕ್ಕ ಮತ್ತು ಅತಿ ದೊಡ್ಡ ಸಂಖ್ಯೆಗಳು ಅವೇ.

ಮೂರನೆಯದು, ಫ್ಯಾನಿನ ಲೆಕ್ಕ. ಸಾಮಾನ್ಯವಾಗಿ ಫ್ಯಾನು ಒಂದು ಸುತ್ತಿಗೆ ಎರಡು ಸ್ಪಂದನ ಕಳಿಸುತ್ತದೆ. ಎಲ್‌ಎಂ78 ಎಂಬ ಹಳೆಯ, ಪ್ರಸಿದ್ಧ ಚಿಪ್ಪು ಸೆಕೆಂಡಿಗೆ 22,500 ಸಲ ಮಿಡಿಯುವ ಗಡಿಯಾರದಿಂದ ಒಂದು ಸುತ್ತಿನ ಕಾಲವನ್ನು ಎಣಿಸುತ್ತದೆ. ನಿಮಿಷಕ್ಕೆ 60 ಸೆಕೆಂಡು; ಆದ್ದರಿಂದ 22,500 × 60 = 13,50,000. ಇದನ್ನು ಎಣಿಕೆ ಮತ್ತು ಭಾಜಕಗಳ ಗುಣಲಬ್ಧದಿಂದ ಭಾಗಿಸಿದರೆ ನಿಮಿಷದ ಸುತ್ತುಗಳು ದೊರೆಯುತ್ತವೆ. ಎಣಿಕೆ 225, ಭಾಜಕ 2 ಇದ್ದರೆ ವೇಗ 3000 ಸುತ್ತು.

ಭಾಜಕ ಏಕೆ ಬೇಕು? ಎಣಿಕೆ 255ನ್ನು ದಾಟಲಾರದು. ಫ್ಯಾನು 1500 ಸುತ್ತು ತಿರುಗುವಾಗ ಭಾಜಕ 2 ಇದ್ದರೆ ಎಣಿಕೆ 450 ಆಗಬೇಕು, ಅದು ಹಿಡಿಸದು. ಆಗ ತಿರುಗುತ್ತಿರುವ ಫ್ಯಾನಿಗೂ ‘0’ ಎಂದು ತೋರುತ್ತದೆ! ಭಾಜಕವನ್ನು 4 ಮಾಡಿದರೆ ಎಣಿಕೆ 225ಕ್ಕೆ ಇಳಿದು, ಸರಿಯಾದ ಉತ್ತರ ಬರುತ್ತದೆ. ಡ್ರೈವರ್ ಭಾಜಕವನ್ನು ತಪ್ಪಾಗಿ ತಿಳಿದರೆ ವೇಗ ಇಮ್ಮಡಿಯೋ ಅರ್ಧವೋ ಆಗಿ ಕಾಣುತ್ತದೆ. ಫ್ಯಾನಿನ ಚೀಟಿಯ ಮೇಲೆ ವೇಗ ಬರೆದಿದ್ದರೆ ಅದರೊಡನೆ ಹೋಲಿಸಿ ನೋಡಬಹುದು.

ಎಚ್ಚರಿಕೆ: ತಿರುಗುವ ಫ್ಯಾನಿಗೆ ಬೆರಳಾಗಲಿ ಕಡ್ಡಿಯಾಗಲಿ ತಾಗಿಸಕೂಡದು. ಪೆಟ್ಟಿಗೆಯನ್ನು ತೆರೆಯುವುದು, ಫ್ಯಾನಿನ ವೇಗ ಬದಲಿಸುವುದು ಗುರುಗಳು ಎದುರಿಗಿದ್ದಾಗ ಮಾತ್ರ.

ಇದರಿಂದ ಯಾರಿಗೆ ಲಾಭ?

ಡ್ರೈವರ್ ಬರೆಯುವವನ ಬಳಿ ಜಗತ್ತಿನ ಎಲ್ಲ ಯಂತ್ರಗಳೂ ಇರುವುದಿಲ್ಲ. ಆದಕಾರಣ ಆಯಾ ಯಂತ್ರ ಉಳ್ಳವರೇ ಪರೀಕ್ಷಿಸಿ, ಕಂಡದ್ದನ್ನು ಕಂಡಂತೆ ಬರೆದು ತಿಳಿಸುತ್ತಾರೆ. ಲಿನಕ್ಸ್‌ನ ದಾಖಲೆಯಲ್ಲಿ ಬರೆದವರ ಹೆಸರಿನಂತೆ ಪರೀಕ್ಷಿಸಿದವರ ಹೆಸರನ್ನೂ ನಮೂದಿಸುವ ರೂಢಿಯಿದೆ. “ಸರಿಯಾಗಿದೆ” ಎಂಬ ವರದಿಗಿರುವಷ್ಟೇ ಬೆಲೆ “ಇಲ್ಲಿ ತಪ್ಪಿದೆ” ಎಂಬ ವರದಿಗೂ ಉಂಟು. ಹಳ್ಳಿಯ ಶಾಲೆಯ ಹಳೆಯ ಯಂತ್ರವೂ ಈ ಕೆಲಸಕ್ಕೆ ಉಪಯೋಗವಾದೀತು. ಯಂತ್ರದ ಹೆಸರು, ಚಿಪ್ಪಿನ ಹೆಸರು, ಕೋಣೆಯ ಉಷ್ಣತೆ, ವೇಳೆ, ಅಂಕೆಗಳು, ಇಷ್ಟನ್ನು ಚೊಕ್ಕಟವಾಗಿ ಬರೆದಿಟ್ಟರೆ ಸಾಕು. ಪಾಲಕರು ಮನೆಯಲ್ಲಿ ಮಕ್ಕಳಿಗೆ ಇಂಥ ಒಂದು ವಹಿ ಕೊಡಿಸಿದರೆ ಒಳ್ಳೆಯದು.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಹಿರಿಯರು ಹೇಳಿದ್ದಾರೆ. ಪರದೆಯ ಮೇಲಿನ ಅಂಕೆಗೂ ಈ ಮಾತು ಸಲ್ಲುತ್ತದೆ.

ನೀವೇ ಬಿಡಿಸಿರಿ

1. ಎಣಿಕೆ 150, ಭಾಜಕ 4. ಫ್ಯಾನಿನ ವೇಗವೆಷ್ಟು?
2. ತೋರಿದ ವೇಗ 0. ಆದರೆ ಫ್ಯಾನು ತಿರುಗುತ್ತಿದೆ. ಮೊದಲು ಏನನ್ನು ನೋಡುವಿರಿ?

ಉತ್ತರ: 1. ನಿಮಿಷಕ್ಕೆ 2250 ಸುತ್ತು. 2. ಭಾಜಕ ಚಿಕ್ಕದಾಗಿದೆಯೇ ಎಂಬುದನ್ನು.