ಸಾಂಬ್ರಾ ವಿಮಾನ ನಿಲ್ದಾಣದ ಕಾಲರೇಖೆ: ಒಂದು ಪಾಠ, ಒಂದು ತಿದ್ದುಪಡಿ

ತರಗತಿ: 8. ಅವಧಿ: 40 ನಿಮಿಷ.
ವಿಷಯ: ಗಣಿತ (ಸಂಖ್ಯಾರೇಖೆ ಮತ್ತು ಪ್ರಮಾಣ), ಸ್ಥಳೀಯ ಇತಿಹಾಸದೊಂದಿಗೆ ಸಮನ್ವಯ.
ಬೋಧನೋಪಕರಣ: ಎರಡೂವರೆ ಮೀಟರ್ ದಾರ, ಅಳತೆಪಟ್ಟಿ, ಐದು ಚೀಟಿ.

2024ರ ಜನವರಿಯಲ್ಲಿ ಬೈಲಹೊಂಗಲ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಛಾತ್ರಾಧ್ಯಾಪನದ ಅಂಗವಾಗಿ ಈ ಪಾಠ ಮಾಡಿದೆ. ಸಂಖ್ಯಾರೇಖೆಗೆ ಮಕ್ಕಳು ಕಂಡ ವಸ್ತುವೊಂದು ಬೇಕಾಗಿತ್ತು. ಬೆಳಗಾವಿಗೆ ಹೋಗುವಾಗ ಸಾಂಬ್ರಾದ ವಿಮಾನ ನಿಲ್ದಾಣವನ್ನು ಬಸ್ಸಿನಿಂದ ನೋಡಿದವರು ತರಗತಿಯಲ್ಲಿ ಬಹಳ ಮಂದಿ. ಒಳಗೆ ಕಾಲಿಟ್ಟವರು ಒಬ್ಬರೂ ಇರಲಿಲ್ಲ. ಪೀಠಿಕೆ ಅಲ್ಲಿಂದಲೇ ಆರಂಭವಾಯಿತು.

ಒಂದು ವರ್ಷಕ್ಕೆ ಒಂದು ಸೆಂಟಿಮೀಟರ್ ಎಂಬ ಪ್ರಮಾಣ ಇಟ್ಟುಕೊಂಡೆವು. ಮೊದಲ ಚೀಟಿ 1942: ಎರಡನೇ ಮಹಾಯುದ್ಧದ ಕಾಲದಲ್ಲಿ, ಬರ್ಮಾ ರಣರಂಗದ ಅಗತ್ಯಕ್ಕಾಗಿ ಬ್ರಿಟಿಷರ ರಾಯಲ್ ಏರ್ ಫೋರ್ಸ್ ಇಲ್ಲಿ ಹಾರುನೆಲೆ ನಿರ್ಮಿಸಿತು. ಅಲ್ಲಿಂದ 19 ಸೆಂ.ಮೀ. ದೂರಕ್ಕೆ 1961: ಗೋವಾ ವಿಮೋಚನೆಯ ಸಮಯದಲ್ಲಿ ಸಾಂಬ್ರಾದಿಂದ ಹಾರಿದ ಹಂಟರ್ ಯುದ್ಧವಿಮಾನಗಳು ಬಾಂಬೋಳಿಯ ನಿಸ್ತಂತು ಕೇಂದ್ರದ ಮೇಲೆ ದಾಳಿ ಮಾಡಿದವು. ಮುಂದೆ 34 ಸೆಂ.ಮೀ.ಗೆ 1995: ಈಗ ಈ ನಿಲ್ದಾಣವನ್ನು ನಡೆಸುತ್ತಿರುವ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ಸ್ಥಾಪನೆಯಾದ ವರ್ಷ. ನಂತರ 22 ಸೆಂ.ಮೀ.ಗೆ 2017: ಹೊಸ ಟರ್ಮಿನಲ್ ಉದ್ಘಾಟನೆ.

"ಸರ್, 1961ರ ಮುಂದ ಇಷ್ಟ ಉದ್ದ ಖಾಲಿ ಐತಲ್ರೀ, ಆಗ ವಿಮಾನ ಇರಲಿಲ್ಲೇನ್ರಿ?" ಎಂದು ಒಬ್ಬ ಹುಡುಗ ಕೇಳಿದ. ದಾರ ಖಾಲಿ ಇದೆ ಎಂದರೆ ಏನೂ ನಡೆದಿಲ್ಲ ಎಂದಲ್ಲ, ನಮ್ಮ ಚೀಟಿಯಲ್ಲಿ ಇಲ್ಲ ಎಂದಷ್ಟೇ ಅರ್ಥ ಎಂದೆ. ಸಾಲಾಗಿ ಇಸವಿ ಬರೆಸಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ಕೊನೆಯ ಚೀಟಿ 6 ಸೆಂ.ಮೀ. ಆಚೆ. ಅದರ ಮೇಲೆ "2023: ಕಿತ್ತೂರು ರಾಣಿ ಚೆನ್ನಮ್ಮ ವಿಮಾನ ನಿಲ್ದಾಣವೆಂದು ನಾಮಕರಣ" ಎಂದು ಬರೆದಿದ್ದೆ. ಚೆನ್ನಮ್ಮನ ಸಮಾಧಿ ಇರುವ ಊರಿನ ಮಕ್ಕಳು, ಚಪ್ಪಾಳೆ ಬಿತ್ತು. ನನಗೂ ಹಿಗ್ಗಾಯಿತು. ಆಗ ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು: "ಸರ್, ಮೊನ್ನೆ ನಮ್ಮ ಕಾಕಾ ಮಿಲಿಟರಿಯಿಂದ ರಜೆಕ್ಕ ವಿಮಾನದಾಗ ಬಂದ್ರ. ಟಿಕೆಟಿನ್ಯಾಗ ಬರೇ ಬೆಳಗಾವಿ ಅಂತ ಐತ್ರಿ."

ತರಗತಿ ಅವಳ ಮೇಲೆ ಮುನಿಸಿಕೊಂಡಿತು. ಹಿಂದೆ ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದರು. "ಟಿಕೆಟು ಹಳೆಯದಿರಬೇಕು" ಎಂದು ಸಾಗಿಸಿಬಿಡಬಹುದಿತ್ತು. ಆದರೆ ತಪ್ಪು ನನ್ನದೇ. 2023ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಸೇರಿದ್ದ ವಿಧಾನಸಭೆ ಅಂಗೀಕರಿಸಿದ್ದು ನಿರ್ಣಯ: ಬೆಳಗಾವಿ ನಿಲ್ದಾಣಕ್ಕೆ ಚೆನ್ನಮ್ಮನ ಹೆಸರು, ಹುಬ್ಬಳ್ಳಿಗೆ ಸಂಗೊಳ್ಳಿ ರಾಯಣ್ಣನ ಹೆಸರು ಇಡಬೇಕೆಂದು. ಅಂತಿಮ ಒಪ್ಪಿಗೆ ಕೇಂದ್ರ ಸರ್ಕಾರದ್ದು. ಶಿಫಾರಸನ್ನು ನಾನು ಘಟನೆಯೆಂದು ಬರೆದಿದ್ದೆ. ಹಾಗೆಂದು ಮಕ್ಕಳಿಗೆ ಹೇಳಿ, ಚೀಟಿ ತೆಗೆದು ಆ ಹುಡುಗಿಯ ಕೈಗೇ ಕೊಟ್ಟೆ. "ನಾಮಕರಣ" ಹೊಡೆದುಹಾಕಿ ಅವಳು "ಹೆಸರಿಡಲು ವಿಧಾನಸಭೆಯ ನಿರ್ಣಯ" ಎಂದು ಬರೆದಳು.

"ಹಂಗಾದ್ರ ಚೆನ್ನಮ್ಮ ಈ ದಾರದಾಗ ಇಲ್ಲೇನ್ರಿ?" ಎಂದು ಇನ್ನೊಬ್ಬ ಕೇಳಿದ. "ನೀನೇ ಲೆಕ್ಕ ಮಾಡು" ಎಂದೆ. ಆಕೆ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ. 1942ರಿಂದ ಹಿಂದಕ್ಕೆ 113 ಸೆಂ.ಮೀ. ಮಕ್ಕಳೇ ದಾರ ಎಳೆದರು. ಅದು ಕಪ್ಪುಹಲಗೆ ದಾಟಿ ಬಾಗಿಲ ಚೌಕಟ್ಟಿಗೆ ಮುಟ್ಟಿತು. ಶೂನ್ಯದ ಎಡಕ್ಕೂ ಸಂಖ್ಯೆಗಳಿವೆ ಎಂಬುದನ್ನು ಬೇರೆಯಾಗಿ ಹೇಳುವ ಅಗತ್ಯ ಬೀಳಲಿಲ್ಲ.

ಮೌಲ್ಯಮಾಪನಕ್ಕೆ ಮಕ್ಕಳು ತಮ್ಮೂರಿನ ಬಸ್ ನಿಲ್ದಾಣ, ಕೆರೆ ಅಥವಾ ಶಾಲೆಯ ಕಾಲರೇಖೆ ತರಬೇಕು. ಪ್ರತಿ ಇಸವಿಯ ಪಕ್ಕದಲ್ಲಿ "ಯಾರು ಹೇಳಿದರು, ಎಲ್ಲಿ ನೋಡಿದೆ" ಎಂದು ಬರೆಯಬೇಕು.

ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಅನುಭವದ ಮಾತು ಇಷ್ಟೇ: ಊರಿನ ಅಭಿಮಾನ ಪಾಠಕ್ಕೆ ಒಳ್ಳೆಯ ಪೀಠಿಕೆ, ಆದರೆ ಅದು ಆಧಾರವಲ್ಲ. ನಾನು ತಿದ್ದಿಕೊಳ್ಳದೆ ಮುಂದೆ ಹೋಗಿದ್ದರೆ, ಸರಿ ಹೇಳಿದ ಹುಡುಗಿ ಆ ದಿನ ತಪ್ಪಿತಸ್ಥಳಾಗಿ ಮನೆಗೆ ಹೋಗುತ್ತಿದ್ದಳು.