ಸ್ಟ್ರೆಂತ್, ವೀಕ್‌ನೆಸ್ ಮತ್ತು ನಮ್ಮ ಹೊಲದ ಮೋಟಾರು

ಏಳನೇ ಸೆಮಿಸ್ಟರ್ ಬಂತು ಅಂದ್ರೆ ಹಾಸ್ಟೆಲ್ ತುಂಬಾ ಒಂದೇ ಜಪ: "ಮೈ ಸ್ಟ್ರೆಂತ್ ಈಸ್ ಹಾರ್ಡ್ ವರ್ಕ್, ಮೈ ವೀಕ್‌ನೆಸ್, ಐ ಆ್ಯಮ್ ಎ ಪರ್ಫೆಕ್ಷನಿಸ್ಟ್." ನಾನೂ ಕನ್ನಡಿ ಮುಂದೆ ನಿಂತು ಇದನ್ನೇ ಉರು ಹೊಡೆದವನು. ಮೊದಲ ಇಂಟರ್‌ವ್ಯೂನಲ್ಲಿ ಒಂದೂ ತಪ್ಪಿಲ್ಲದೆ ಒಪ್ಪಿಸಿದೆ. ಎದುರಿಗಿದ್ದವರು ಕೇಳಿದ್ದು ಒಂದೇ ಪ್ರಶ್ನೆ: "ಸರಿ, ಪರ್ಫೆಕ್ಟ್ ಆಗಿರಬೇಕು ಅಂತ ನೀವು ಈಚೆಗೆ ತಡ ಮಾಡಿದ ಕೆಲಸ ಯಾವುದು?" ನನ್ನ ಹತ್ರ ಅಂಥ ಕೆಲಸ ಇರಲಿಲ್ಲ. ಅಸೈನ್‌ಮೆಂಟ್ ತಡ ಮಾಡಿದ್ದೆ, ಆದರೆ ಅದಕ್ಕೆ ಕಾರಣ ಪರ್ಫೆಕ್ಷನ್ ಅಲ್ಲ! ತಲೆ ತಗ್ಗಿಸಿ ಕೂತೆ. ಆ ಕೆಲಸ ಸಿಗಲಿಲ್ಲ.

ಅವತ್ತು ಗೊತ್ತಾಗಿದ್ದು ಇಷ್ಟು. ಅವರು ನಿಮ್ಮ ಗುಣದ ಹೆಸರು ಕೇಳ್ತಿಲ್ಲ, ಆ ಹೆಸರಿನ ಹಿಂದೆ ನಡೆದದ್ದು ಏನಾದ್ರೂ ಇದೆಯಾ ಅಂತ ನೋಡ್ತಿದ್ದಾರೆ. ಹಾಗಾಗಿ ಮೊದಲು ಗುಣ ಆರಿಸಿ ಆಮೇಲೆ ಉದಾಹರಣೆ ಹುಡುಕಬೇಡಿ. ನಡೆದದ್ದನ್ನ ಮೊದಲು ನೆನಪಿಸಿಕೊಳ್ಳಿ, ಗುಣ ಅದರೊಳಗೇ ಸಿಗುತ್ತೆ.

ನಂದೇ ಹೇಳ್ತೀನಿ. ನಮ್ಮೂರು ರಾರಾವಿ, ಸಿರುಗುಪ್ಪ ತಾಲ್ಲೂಕು, ಹಗರಿ ದಂಡೆ. ಭತ್ತದ ಹೊಲ, ನೀರೆತ್ತೋಕೆ ತ್ರೀ ಫೇಸ್ ಮೋಟಾರು. ಒಂದೇ ವರ್ಷದಲ್ಲಿ ಎರಡು ಸಲ ಸುಟ್ಟು ಹೋಯ್ತು. ರೀವೈಂಡಿಂಗ್‌ಗೆ ಸಿರುಗುಪ್ಪಕ್ಕೆ ಒಯ್ಯೋದು, ದುಡ್ಡು ಕೊಡೋದು, ಅಲ್ಲೀತನಕ ಸಸಿ ಒಣಗೋದು. ಎರಡನೇ ಸಲ ಅಪ್ಪ, "ಅದೇನೋ ಎಲೆಕ್ಟ್ರಿಕಲ್ ಓದ್ತೀಯಲ್ಲಪ್ಪಾ, ಒಂದ್ಸಲ ನೋಡು" ಅಂದ್ರು. ಸ್ಟಾರ್ಟರ್ ಬಿಚ್ಚಿ ನೋಡಿದ್ರೆ, ಪದೇ ಪದೇ ಟ್ರಿಪ್ ಆಗುತ್ತೆ ಅಂತ ಯಾರೋ ಓವರ್‌ಲೋಡ್ ರಿಲೇಯನ್ನೇ ವೈರ್ ಹಾಕಿ ಬೈಪಾಸ್ ಮಾಡಿಬಿಟ್ಟಿದ್ರು. ಓಡ್ತಿರೋ ಮೋಟಾರಿಗೆ ಒಂದು ಫೇಸ್ ಹೋದ್ರೆ ಉಳಿದೆರಡು ಫೇಸ್‌ಗಳಲ್ಲಿ ಕರೆಂಟ್ ಏರುತ್ತೆ, ಕಾಯಿಲ್ ಕಾಯುತ್ತೆ, ಇನ್ಸುಲೇಷನ್ ಸುಡುತ್ತೆ. ಅದನ್ನ ತಡೆಯೋ ಕಾವಲುಗಾರನನ್ನೇ ನಾವು ಹೊರಗೆ ಹಾಕಿದ್ವಿ. ರಿಲೇ ಮತ್ತೆ ಜೋಡಿಸಿ, ಮೋಟಾರಿನ ನೇಮ್‌ಪ್ಲೇಟ್ ನೋಡಿ ಸೆಟ್ ಮಾಡಿ, ಒಂದು ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿದೆ. ಆಮೇಲೆ ಮೋಟಾರು ಸುಟ್ಟಿಲ್ಲ.

ಇದನ್ನ ನಾನು ಮೊದಲ ಇಂಟರ್‌ವ್ಯೂನಲ್ಲಿ ಹೇಳಲೇ ಇಲ್ಲ. ಹೊಲದ ವಿಷಯ, ನಾಚಿಕೆ. ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಮಾತ್ರ ಲೆಕ್ಕಕ್ಕೆ ಬರುತ್ತೆ ಅನ್ಕೊಂಡಿದ್ದೆ. ಆದ್ರೆ "ಕೆಟ್ಟದ್ದನ್ನ ರಿಪೇರಿ ಮಾಡಿ ಸುಮ್ಮನಾಗಲ್ಲ, ಯಾಕೆ ಕೆಡ್ತು ಅಂತ ಹುಡುಕ್ತೀನಿ" ಅಂತ ಹೇಳೋಕೆ ನನ್ನ ಹತ್ರ ಇದಕ್ಕಿಂತ ಗಟ್ಟಿ ಸಾಕ್ಷಿ ಯಾವುದೂ ಇಲ್ಲ.

ಇನ್ನೊಂದು ಮಾತು. ಬಳ್ಳಾರಿ ಕಡೆಯವರು ಅಂತ ಗೊತ್ತಾದ್ರೆ ಊರಿನ ಬಗ್ಗೆ ಕೇಳಿಯೇ ಕೇಳ್ತಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಕ್ರೆಸ್ಟ್ ಗೇಟ್‌ಗಳಲ್ಲಿ 19ನೇದರ ಚೈನ್ ತುಂಡಾಗಿ ಗೇಟ್ ಕೊಚ್ಚಿ ಹೋಯ್ತಲ್ಲ, ಅದನ್ನ ನಮ್ಮಲ್ಲಿ ಎಷ್ಟೋ ಜನ ಬರೀ ಸುದ್ದಿಯಾಗಿ ನೋಡಿದ್ವಿ. ಒತ್ತಡ ತಗ್ಗಿಸೋಕೆ ಬೇರೆ ಗೇಟ್‌ಗಳನ್ನ ಯಾಕೆ ತೆರೆದ್ರು, ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಹೇಗೆ ಇಳಿಸಿದ್ರು? ಇದನ್ನ ಎರಡು ನಿಮಿಷ ಬಿಡಿಸಿ ಹೇಳಬಲ್ಲ ಮೆಕ್ಯಾನಿಕಲ್, ಸಿವಿಲ್ ಹುಡುಗ ಹುಡುಗಿಯರು "ಐ ಆ್ಯಮ್ ಎ ಕ್ವಿಕ್ ಲರ್ನರ್" ಅಂತ ಬೇರೆ ಹೇಳಬೇಕಾಗಿಲ್ಲ.

ವೀಕ್‌ನೆಸ್ ಕಷ್ಟದ್ದು. ಕನ್ನಡ ಮೀಡಿಯಂನವರು ತಕ್ಷಣ "ಇಂಗ್ಲಿಷ್" ಅಂತಾರೆ. ನನ್ನ ಅಭಿಪ್ರಾಯದಲ್ಲಿ ಅದು ಬೇಡ. ಮಾತಾಡಿದ ಅರ್ಧ ನಿಮಿಷಕ್ಕೆ ಅದು ಅವರಿಗೇ ಕಾಣುತ್ತೆ, ಹೇಳಿ ಹೊಸದೇನೂ ಕೊಟ್ಟಂಗಾಗಲ್ಲ. ನಾನು ಯೋಚಿಸಿದಾಗ ನನ್ನ ನಿಜವಾದ ಕೊರತೆ ಇಂಗ್ಲಿಷ್‌ನ ಹಿಂದೆ ಅಡಗಿತ್ತು: ಅರ್ಥ ಆಗದಿದ್ರೂ ತಲೆ ಆಡಿಸೋದು. ಎರಡನೇ ವರ್ಷದ ಲ್ಯಾಬ್‌ನಲ್ಲಿ ಸರ್ ಹೇಳಿದ್ದು ಪೂರ್ತಿ ತಿಳೀಲಿಲ್ಲ, ಕೇಳೋಕೆ ಮುಜುಗರ, ಅಮ್ಮೀಟರನ್ನ ಪ್ಯಾರಲಲ್‌ನಲ್ಲಿ ಕೊಟ್ಟೆ. ಫ್ಯೂಸ್ ಹಾರಿತು. ಅಷ್ಟಕ್ಕೇ ಮುಗೀತು ಅನ್ನೋದು ನನ್ನ ಪುಣ್ಯ.

ಅಲ್ಲಿಂದ ಒಂದು ರೂಢಿ ಮಾಡ್ಕೊಂಡೆ. ಹೇಳಿದ್ದನ್ನ ನನ್ನ ಮಾತಲ್ಲಿ ವಾಪಸ್ ಒಪ್ಪಿಸೋದು: "ಸರ್, ಮೊದಲು ಇದು, ಆಮೇಲೆ ಇದು, ಸರೀನಾ?" ಹೊಸಬರು ತುಂಬಾ ಜನ ಇದ್ರೆ ಈಗಲೂ ಬಾಯಿ ಕಟ್ಟುತ್ತೆ. ಅದನ್ನೂ ಹೇಳಿದೆ. ಪೂರ್ತಿ ಗೆದ್ದುಬಿಟ್ಟೆ ಅಂದ್ರೆ ಯಾರೂ ನಂಬಲ್ಲ.

ಹಾಗಂತ ಇರೋದನ್ನೆಲ್ಲ ಬಿಚ್ಚಿಡೋಕೆ ಹೋಗಬೇಡಿ. ಮನೆ ಸಾಲ, ಬ್ಯಾಕ್‌ಲಾಗ್ ಹಿಂದಿನ ಜಗಳ ಇವೆಲ್ಲ ವೀಕ್‌ನೆಸ್ ಅಲ್ಲ. ಪ್ಲಾಂಟ್ ಮೇಂಟೆನೆನ್ಸ್ ಕೆಲಸಕ್ಕೆ ಹೋಗಿ "ಸೇಫ್ಟಿ ಸ್ಟೆಪ್ಸ್ ಮರೀತೀನಿ" ಅನ್ನೋ ಪರಿಸ್ಥಿತಿ ಇದ್ರೆ ಅದು ಉತ್ತರ ತಿದ್ದೋ ವಿಷಯವಲ್ಲ, ಮೊದಲು ನಿಮ್ಮನ್ನ ತಿದ್ಕೊಳ್ಳೋ ವಿಷಯ.

ತಯಾರಿ ಹೀಗೆ ಮಾಡಿ. ರೂಮ್‌ಮೇಟ್‌ಗೆ ಆ ಘಟನೆಯನ್ನ ಮೊದಲು ಕನ್ನಡದಲ್ಲೇ ಹೇಳಿ, ತೆಲುಗು ಗೆಳೆಯನಾದ್ರೆ ತೆಲುಗಿನಲ್ಲಿ. ಅವನು ಮೂರು ಸಲ "ಯಾಕೆ?" ಅಂತ ಕೇಳಲಿ. ಉತ್ತರ ನಿಂತಲ್ಲೇ ನಿಮ್ಮ ಕಥೆ ಪೊಳ್ಳು. ಆಮೇಲೆ ಇಂಗ್ಲಿಷ್‌ಗೆ ತನ್ನಿ, ಚಿಕ್ಕ ಚಿಕ್ಕ ವಾಕ್ಯ ಸಾಕು. ಉರು ಹೊಡೀಬೇಡಿ.

ಮೂರನೇ ಇಂಟರ್‌ವ್ಯೂನಲ್ಲಿ ಮೋಟಾರಿನ ಕಥೆ ಹೇಳಿದೆ, ನಾಲ್ಕು ಕಡೆ ತಡವರಿಸಿದೆ. ಅವರು ರಿಲೇ ಸೆಟ್ಟಿಂಗ್ ಕೇಳಿದ್ರು, ಹೇಳಿದೆ. ಆ ಪ್ರಿವೆಂಟರ್‌ಗೆ ಎಷ್ಟಾಯ್ತು ಅಂದ್ರು. ದುಡ್ಡು ಕೊಟ್ಟವರು ಅಪ್ಪ, ನನಗೆ ನೆನಪಿರಲಿಲ್ಲ. "ಗೊತ್ತಿಲ್ಲ ಸರ್, ಫೋನ್ ಮಾಡಿ ಅಪ್ಪನ್ನ ಕೇಳ್ಲಾ?" ಅಂದೆ. ಮೂರೂ ಜನ ನಕ್ಕರು. ಆಫರ್ ಲೆಟರ್ ಬಂದ ದಿನ ಅಪ್ಪನಿಗೆ ಇದನ್ನ ಹೇಳಿದ್ರೆ, ಅವರು ರೇಟ್ ಜೊತೆಗೆ ಅಂಗಡಿಯವನು ಎಷ್ಟು ಬಿಟ್ಟ ಅನ್ನೋದನ್ನೂ ಹೇಳಿದ್ರು.