ಕಥೆಯೂ ಇರಲಿ, ಲೆಕ್ಕವೂ ಇರಲಿ



ಮಠ, ಶಾಲೆ, ಸಹಕಾರಿ ಸಂಘ, ಪತಸಂಸ್ಥೆ, ಬೀಜದ ಕಂಪನಿ, ಇವೆಲ್ಲವೂ ಜನರ ಮುಂದೆ ಬರುವಾಗ ಒಂದು ಕಥೆಯನ್ನು ಜೊತೆಗೆ ತಂದೇ ತರುತ್ತವೆ. ನಿಯಮಾವಳಿ ಓದಿ ಸಂಘದ ಸದಸ್ಯರಾಗುವವರು ವಿರಳ. ಯಾರಿಗೋ ಆದ ಒಳಿತನ್ನು ಕೇಳಿ ಆಗುವವರೇ ಬಹಳ. ಉಮರ್ಗಾ, ನಿಲಂಗಾ, ಉದಗೀರ ಭಾಗದ ನಮ್ಮ ರೈತರು ಮತ್ತು ವ್ಯಾಪಾರಸ್ಥರು ಇಂಥ ಕಥೆಗಳನ್ನು ಮೊಂಢಾದಲ್ಲಿ, ಸಂತೆಯಲ್ಲಿ, ಸಭೆಯಲ್ಲಿ ಕೇಳುತ್ತಲೇ ಇರುತ್ತಾರೆ. ತಮ್ಮ ಸಂಘಗಳ ಪರವಾಗಿ ತಾವೂ ಹೇಳಬೇಕಾಗುತ್ತದೆ. ಆದುದರಿಂದ ಕಥೆಯನ್ನು ಹೇಗೆ ಹೇಳಬೇಕು, ಹೇಗೆ ಕೇಳಬೇಕು ಎಂಬುದನ್ನು ಈ ಸಲ ವಿಚಾರ ಮಾಡೋಣ.

ಮೊದಲು ಸುದ್ದಿಗೂ ಕಥೆಗೂ ಇರುವ ಅಂತರ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಮ್ಮ ಭಾಗದಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತರು ಎಂಬುದು ಸುದ್ದಿ. ಹಿಂದಿನ ದಿನ ಗಣಪತಿ ವಿಸರ್ಜನೆ ಮುಗಿಸಿ ಜನ ದಣಿದು ಮಲಗಿದ್ದರು. ಮಣ್ಣು ಕಲಸಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳೂ ಮೇಲಿನ ಭಾರದ ಮಣ್ಣಿನ ಮಾಳಿಗೆಯೂ ಮಲಗಿದವರ ಮೇಲೆಯೇ ಕುಸಿದವು ಎಂಬುದು ಕಥೆ. ಸುದ್ದಿ ಕೇಳಿದವನು ಮರುಗುತ್ತಾನೆ. ಕಥೆ ಕೇಳಿದವನು ತನ್ನ ಮನೆಯ ಗೋಡೆಯನ್ನೂ ಒಮ್ಮೆ ನೋಡುತ್ತಾನೆ. ಜನ, ಸ್ಥಳ, ಕಷ್ಟ, ಕಾರಣ ಈ ನಾಲ್ಕೂ ಕೂಡಿದಾಗ ಕಥೆ ಪೂರ್ಣವಾಗುತ್ತದೆ. ಕಾರಣವನ್ನು ಬಿಟ್ಟರೆ ಕಣ್ಣೀರು ಬರುತ್ತದೆ, ಪಾಠ ಉಳಿಯುವುದಿಲ್ಲ.

ನಮ್ಮ ಹಿರಿಯರು ಈ ವಿದ್ಯೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ಶರಣರ ವಚನಗಳು ಬಿಡಿಬಿಡಿಯಾಗಿದ್ದವು. 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಅವುಗಳನ್ನು ಆರಿಸಿ, ಅಲ್ಲಮಪ್ರಭುಗಳನ್ನು ನಡುವಿಟ್ಟು, ಶರಣರು ಎದುರುಬದುರು ಕುಳಿತು ಮಾತನಾಡುವಂತೆ ಶೂನ್ಯಸಂಪಾದನೆಯನ್ನು ಜೋಡಿಸಿದರು. ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು ಎಂಬುದು ಸೇರಿದೊಡನೆ ತತ್ತ್ವವು ಸಾಮಾನ್ಯ ಕೇಳುಗನಿಗೂ ಹತ್ತಿರವಾಯಿತು. ಮುಂದೆ ಬೇರೆ ಸಂಪಾದಕರು ಅದನ್ನೇ ಬೇರೆ ರೀತಿಯಲ್ಲಿ ಜೋಡಿಸಿದರು. ಇಂದು ನಾಲ್ಕು ಶೂನ್ಯಸಂಪಾದನೆಗಳಿವೆ. ಇದರಲ್ಲೊಂದು ತಿಳಿವಳಿಕೆ ಇದೆ: ಕಥೆ ಜೋಡಿಸುವವನು ಕೆಲವನ್ನು ಆರಿಸುತ್ತಾನೆ, ಕೆಲವನ್ನು ಬಿಡುತ್ತಾನೆ. ಯಾವ ಸಂಸ್ಥೆಯ ಕಥೆ ಕೇಳುವಾಗಲೂ ಇದು ನೆನಪಿರಬೇಕು.

ಗಡಿನಾಡಿನವರಾದ ನಮಗೆ ಇನ್ನೊಂದು ಪಾಠವೂ ಇದೆ. ಬಸವಣ್ಣನವರ ಕಥೆಯನ್ನು ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಹೇಳಿದ. ಭೀಮಕವಿ 1369ರಲ್ಲಿ ಅದನ್ನು ಕನ್ನಡಕ್ಕೆ ತಂದ. ಬೀಡ ಜಿಲ್ಲೆಯ ಕಪಿಲಧಾರದ ಮನ್ಮಥ ಸ್ವಾಮಿಗಳು ಪರಮರಹಸ್ಯವನ್ನು ಮರಾಠಿಯಲ್ಲಿ ಬರೆದರು. ಎದುರಿಗೆ ಕುಳಿತವರ ಮಾತಿನಲ್ಲಿಯೇ ಹೇಳಬೇಕೆಂಬುದು ಅವರ ಕ್ರಮ. 1956ರಲ್ಲಿ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಿಂದ ಬೇರ್ಪಟ್ಟು ಮುಂಬಯಿ ರಾಜ್ಯಕ್ಕೆ ಸೇರಿದವು. ಇಂದು ನಮ್ಮ ಮನೆಗಳ ಅನೇಕ ಮಕ್ಕಳು ಕನ್ನಡ ಮಾತನಾಡಿದರೂ ಓದಲಾರರು. ಅವರಿಗೆ ಶರಣರ ಕಥೆಯನ್ನು ಮರಾಠಿಯಲ್ಲಿ ಹೇಳಿದರೆ ಕನ್ನಡಕ್ಕೆ ಕೊರತೆಯಾಗುವುದಿಲ್ಲ. ಹೇಳದೆ ಬಿಟ್ಟರೆ ಎರಡೂ ಹೋಗುತ್ತವೆ.

ಒಂದು ಚಿಕ್ಕ ಕಥೆ ಒಂದು ದೊಡ್ಡ ಸಂಸ್ಥೆಯನ್ನು ಹೇಗೆ ಪರಿಚಯಿಸುತ್ತದೆ ಎಂಬುದಕ್ಕೆ ನಮ್ಮ ಸಮೀಪದಲ್ಲಿಯೇ ಉದಾಹರಣೆಯಿದೆ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು 1890ರಲ್ಲಿ ಉದಗೀರಕ್ಕೆ ಹತ್ತಿರದ ಕಮಲನಗರದಲ್ಲಿ ಜನಿಸಿದವರು, 1999ರಲ್ಲಿ ಲಿಂಗೈಕ್ಯರಾದರು. ನಿಜಾಮರ ಆಡಳಿತದಲ್ಲಿ ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು ಎಂಬ ಸಂಗತಿ ಬೀದರ ಸೀಮೆಯಲ್ಲಿ ಮನೆಮಾತು. ಆ ಮಠದ ಸೇವೆಯನ್ನು ಹತ್ತು ಪುಟಗಳಲ್ಲಿ ಬರೆದರೆ ಓದುವವರು ಕೆಲವರು. ಫಲಕದ ಮಾತನ್ನು ಕೇಳಿದ ಹುಡುಗ ಸಂಜೆಗೆ ಮನೆಯಲ್ಲಿ ಅದನ್ನು ತಾನೇ ಹೇಳುತ್ತಾನೆ. ಒಳ್ಳೆಯ ಕಥೆಯ ಲಕ್ಷಣ ಇದು: ಕಣ್ಣಿಗೆ ಕಟ್ಟುವ ಒಂದು ಚಿತ್ರ, ನಡೆದ ಒಂದು ಕೆಲಸ, ಬಾಯಿಂದ ಬಾಯಿಗೆ ಹೋಗುವಷ್ಟು ಚಿಕ್ಕ ಮಾತು.

ಗುಜರಾತಿನ ಹಾಲು ಉತ್ಪಾದಕರು ಇನ್ನೂ ಮುಂದೆ ಹೋದರು. 1976ರಲ್ಲಿ ಅಲ್ಲಿಯ ಸಹಕಾರಿ ಸಂಘಗಳ 5 ಲಕ್ಷ ರೈತರು ತಲಾ 2 ರೂಪಾಯಿ ಕೊಟ್ಟು ಶ್ಯಾಮ್ ಬೆನೆಗಲ್ ಅವರ ನಿರ್ದೇಶನದಲ್ಲಿ ‘ಮಂಥನ’ ಎಂಬ ಚಲನಚಿತ್ರ ಮಾಡಿಸಿದರು. ಹಾಲಿನ ವ್ಯಾಪಾರಿಯ ಮೋಸ, ಊರಿನ ಜಾತಿಭೇದ, ಸಂಘದ ಒಳಜಗಳ ಯಾವುದನ್ನೂ ಅದರಲ್ಲಿ ಮುಚ್ಚಿಡಲಿಲ್ಲ. ಸಂಘ ಕಟ್ಟಲು ಬಂದ ಡಾಕ್ಟರು ಕೊನೆಗೆ ಊರು ಬಿಟ್ಟು ಹೋಗುತ್ತಾನೆ, ಸಂಘವನ್ನು ಊರಿನವರೇ ನಡೆಸಲು ನಿಲ್ಲುತ್ತಾರೆ. ಅಧ್ಯಕ್ಷರ ಹೊಗಳಿಕೆಯೇ ಕಥೆಯಾದರೆ ಸದಸ್ಯನು ಕೇವಲ ಪ್ರೇಕ್ಷಕನಾಗುತ್ತಾನೆ. ಕಥೆಯ ನಾಯಕ ಸದಸ್ಯನೇ ಆದಾಗ ಸಂಘ ತನ್ನದೆಂದು ತಿಳಿಯುತ್ತಾನೆ.

ಆದರೆ ಬಂಧುಗಳೇ, ಕತ್ತಿ ಎರಡೂ ಕಡೆ ಕೊಯ್ಯುತ್ತದೆ. ಮನಸ್ಸನ್ನು ಗೆಲ್ಲುವ ಈ ಶಕ್ತಿಯನ್ನು ಕಿಸೆಗೆ ಕೈಹಾಕಲೂ ಬಳಸಬಹುದು. ಇಂತಿಂಥ ಊರಿನ ರೈತನಿಗೆ ಎಕರೆಗೆ ಇಷ್ಟು ಕ್ವಿಂಟಲ್ ಸೋಯಾಬೀನ್ ಬಂತು, ಇಂತಿಂಥ ಅಂಗಡಿಯವರ ಹಣ ದುಪ್ಪಟ್ಟಾಯಿತು ಎಂದು ಹೇಳಿದಾಗ ನಾಲ್ಕು ಪ್ರಶ್ನೆ ಕೇಳಬೇಕು:

1. ಇದು ಯಾವ ಊರಲ್ಲಿ, ಯಾವ ವರ್ಷ ನಡೆಯಿತು? ಹೋಗಿ ಕೇಳಿ ನೋಡಬಹುದೇ?
2. ಕಾರಣವೇನು? ಬೀಜದ ಗುಣವೋ, ಬಾವಿಯ ನೀರೋ, ಆ ವರ್ಷದ ಮಳೆಯೋ?
3. ಅದೇ ಕೆಲಸ ಮಾಡಿ ನಷ್ಟಪಟ್ಟವರು ಎಷ್ಟು ಜನ? ಅವರ ಕಥೆಯನ್ನು ಏಕೆ ಹೇಳುತ್ತಿಲ್ಲ?
4. ಕಥೆಯ ಹಿಂದಿನ ಕಾಗದ ಎಲ್ಲಿ? ಬೀಜಕ್ಕಾದರೆ ಮೊಹರಾದ ಚೀಲ, ಲಾಟ್ ನಂಬರು, ಪಾವತಿ. ಸಂಘಕ್ಕಾದರೆ ನೋಂದಣಿ ಮತ್ತು ಲೆಕ್ಕಪರಿಶೋಧನೆಯ ವರದಿ.

ಠೇವಣಿ ಇಡುವವರು ಒಂದು ಮಾತು ಗಂಟು ಹಾಕಿಕೊಳ್ಳಬೇಕು. ವಿಮೆಗೆ ನೋಂದಾಯಿತವಾದ ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲಿಯೂ ಸಹ, 2020ರಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆಯಿದೆ. ಪತಸಂಸ್ಥೆಗಳ ಠೇವಣಿಗೆ ಈ ವಿಮೆ ಇಲ್ಲ. ಸಂಸ್ಥಾಪಕರ ತ್ಯಾಗದ ಕಥೆ ಎಷ್ಟೇ ಚೆನ್ನಾಗಿದ್ದರೂ ಮಗಳ ಮದುವೆಯ ಹಣ ಇಡುವ ಮುನ್ನ ಇದನ್ನು ವಿಚಾರಿಸಿರಿ.

ಇನ್ನು ನಾವು ಮಾಡಬೇಕಾದ ಕೆಲಸ. ಸಂಘದ ವಾರ್ಷಿಕ ಸಭೆಯಲ್ಲಿ ಒಬ್ಬ ಸದಸ್ಯನ ಅನುಭವವನ್ನು, ಅವನ ಒಪ್ಪಿಗೆ ಪಡೆದು, ಅವನ ಬಾಯಿಂದಲೇ ಹೇಳಿಸಿರಿ. ಲಾಭದೊಡನೆ ಅಡಚಣೆಯನ್ನೂ ಹೇಳಲಿ. ಅದರ ಬೆನ್ನಿಗೇ ಜಮಾಖರ್ಚು ಓದಿರಿ. ಊರಿನ ಮಠ, ಶಾಲೆ, ಬಾವಿಗಳನ್ನು ಕಟ್ಟಿದ ಸಂಗತಿಯನ್ನು ಹಿರಿಯರಿಂದ ಕೇಳಿ, ವರ್ಷ ಮತ್ತು ಸ್ಥಳ ಸಹಿತ ಒಂದು ವಹಿಯಲ್ಲಿ ಬರೆದಿಡಿರಿ. ಕನ್ನಡ ಬಾರದಿದ್ದರೆ ಮರಾಠಿಯಲ್ಲಿಯೇ ಬರೆಯಿರಿ. ಕಾಯಕದ ಹಣಕ್ಕೆ ಲೆಕ್ಕ ಹೇಗೋ ಆಡುವ ಮಾತಿಗೂ ಲೆಕ್ಕವಿರಬೇಕು. ಹಾಗೆ ನಡೆಯುವ ಸಂಸ್ಥೆಯ ಕಥೆಯನ್ನು ಮುಂದೆ ಜನರೇ ಹೇಳುತ್ತಾರೆ.